ಎಕೋ ಹಾಕಿದ್ರೆ ದುಃಖ ಬರಲ್ಲ

ದಾವಣಗೆರೆಯ ನಮ್ಮ ಸಣ್ಣ ಸ್ಟುಡಿಯೋಗೆ ಹಾಡೋಕೆ ಬರುವ ಹೊಸ ಹುಡುಗರದು ಹೆಚ್ಚಾಗಿ ಒಂದೇ ಬೇಡಿಕೆ: "ಸರ್, ಸ್ಯಾಡ್ ಸಾಂಗು, ಎಕೋ ಸ್ವಲ್ಪ ಜಾಸ್ತಿ ಇಡಿ." ಇಡಬಹುದು, ಕಷ್ಟವೇನಿಲ್ಲ. ಆದರೆ ಅದರಿಂದ ಹಾಡು ದುಃಖದ್ದಾಗಲ್ಲ, ದನಿ ಸುಮ್ನೆ ದೂರ ಹೋಗುತ್ತದೆ ಅಷ್ಟೇ. ಅಂಥವರಿಗೆ ಹೆಡ್‌ಫೋನ್ ಕೊಟ್ಟು 'ದಿ ನ್ಯಾಷನಲ್' ಬ್ಯಾಂಡಿನ 'ಹೈ ವಯಲೆಟ್' ಆಲ್ಬಮ್ ಕೇಳಿಸುತ್ತೇನೆ.

2010ರ ಮೇ ತಿಂಗಳಲ್ಲಿ ಬಂದ ಆಲ್ಬಮ್. ಅಮೆರಿಕದ ಸಿನ್ಸಿನಾಟಿ ಊರಿನ ಐವರು. ಹಾಡುವ ಮ್ಯಾಟ್ ಬರ್ನಿಂಗರ್ ಬಿಟ್ಟರೆ ಉಳಿದವರು ಎರಡು ಜೋಡಿ ಅಣ್ಣತಮ್ಮಂದಿರು. ರೆಕಾರ್ಡಿಂಗ್ ಬಹುಪಾಲು ನಡೆದದ್ದು ಬ್ರೂಕ್ಲಿನ್‌ನಲ್ಲಿ, ಗಿಟಾರ್ ನುಡಿಸುವ ಆರನ್ ಡೆಸ್ನರ್ ಮನೆಯ ಗ್ಯಾರೇಜ್ ಸ್ಟುಡಿಯೋದಲ್ಲಿ. (ಪಿ.ಬಿ. ರಸ್ತೆಯ ಲಾರಿ ಹಾರನ್ ನಿಲ್ಲಲಿ ಅಂತ ಟೇಕ್ ತಡೆದು ಕೂರುವ ನಮ್ಮಂಥವರಿಗೆ ಇದೊಂದು ಸಮಾಧಾನ.)

ಬರ್ನಿಂಗರ್ ದನಿ ಮಂದ್ರದಲ್ಲೇ ಓಡಾಡುತ್ತದೆ, ಕೂಗೋದು ಅಪರೂಪ. ಅದರ ಕೆಳಗೆ ಬ್ರಯಾನ್ ಡೆವೆಂಡಾರ್ಫ್ ಬಾರಿಸುವ ಡ್ರಮ್ ಮಾತ್ರ ಸುಮ್ಮನಿರಲ್ಲ. 'ಬ್ಲಡ್‌ಬಜ್ ಒಹಾಯೊ' ಕೇಳಿ ನೋಡಿ. ದನಿಗೆ ಅವಸರವೇ ಇಲ್ಲ, ಡ್ರಮ್ಮಿಗೆ ಬಿಡುವೇ ಇಲ್ಲ. ಒಳಗೆ ತಳಮಳ ಇಟ್ಟುಕೊಂಡು ಮೇಲೆ ತಣ್ಣಗೆ ಮಾತಾಡುವವರ ಹಾಗೆ. ನನ್ನ ಲೆಕ್ಕದಲ್ಲಿ ಈ ಆಲ್ಬಮ್ಮಿನ ಸಂಕಟ ಇರೋದು ಆ ಎರಡರ ನಡುವೆ.

ವಿಮರ್ಶಕರು ಹೊಗಳಿದರು. ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ 10ಕ್ಕೆ 8.7 ಕೊಟ್ಟಿತು, ಅಮೆರಿಕದ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಗೆ ಇದು ನೇರ 3ನೇ ಸ್ಥಾನದಲ್ಲೇ ಬಂತು. ಈ ಬ್ಯಾಂಡಿನ ಮೇಲಿರುವ ತಕರಾರು ಹಳೆಯದೇ: ಎಲ್ಲಾ ಒಂದೇ ಥರ, ಬರೀ ಗೋಳು. ಹಾಗನ್ನುವವರು ದನಿಯನ್ನಷ್ಟೇ ಕೇಳಿ ಎದ್ದು ಹೋಗಿರುತ್ತಾರೆ ಅನಿಸುತ್ತದೆ. ಆದರೂ ಪೂರ್ತಿ ಸುಳ್ಳಲ್ಲ ಬಿಡಿ, 11 ಹಾಡನ್ನೂ ಒಟ್ಟಿಗೆ ಕೇಳಿದರೆ ನನಗೂ ಮಧ್ಯೆ ಎಲ್ಲೋ ಗಮನ ಜಾರುತ್ತದೆ. 2013ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್ 1 ಕಲಾಕೇಂದ್ರದಲ್ಲಿ, ಕಲಾವಿದ ರಾಗ್ನರ್ ಕ್ಯಾರ್ತನ್ಸನ್ ಜೊತೆ ಸೇರಿ, ಇವರು ಇದೇ ಆಲ್ಬಮ್ಮಿನ 'ಸಾರೋ' (ಅಂದ್ರೆ ದುಃಖ) ಹಾಡೊಂದನ್ನೇ ಆರು ಗಂಟೆ ಮತ್ತೆ ಮತ್ತೆ ನುಡಿಸಿದರು. ಒಂದೇ ಥರ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ?

ಇನ್ನು ಮೊದಲ ಹಾಡು 'ಟೆರಿಬಲ್ ಲವ್'. ಆಲ್ಬಮ್‌ನಲ್ಲಿ ಅದು ಮಬ್ಬು ಮಬ್ಬು, ಗಿಟಾರ್ ಗೊರಗೊರ. ಅದೇ ವರ್ಷ ಬಂದ ವಿಸ್ತೃತ ಆವೃತ್ತಿಯಲ್ಲಿ ಬ್ಯಾಂಡೇ ಇನ್ನೊಂದು ರೂಪ ಹಾಕಿತು, ಅದು ಸ್ಟೇಜ್ ಮೇಲೆ ನುಡಿಸಿದಷ್ಟು ಜೋರು. ನಮ್ಮ ಹುಡುಗರಿಗೆ ಎರಡನೆಯದೇ ಇಷ್ಟ, ಸ್ಪೀಕರ್‌ನಲ್ಲಿ ಗಟ್ಟಿಯಾಗಿ ಕೇಳುತ್ತಲ್ವಾ. ನನಗೆ ಮೊದಲನೆಯದು. ಅಲ್ಲಿ ದನಿ ಗಿಟಾರಿನ ಗದ್ದಲ ದಾಟಿ ಬರೋಕೆ ಒದ್ದಾಡುತ್ತದೆ, ಮಿಕ್ಸಿಂಗ್ ಮಾಡಿದವರು ಅದನ್ನು ಒದ್ದಾಡೋಕೆ ಬಿಟ್ಟಿದ್ದಾರೆ.