ಚಿತ್ರ ಚಿಕ್ಕದಾಗಿ ಕಂಡ ಮಾತ್ರಕ್ಕೆ ಫೈಲ್ ಚಿಕ್ಕದಾಗುವುದಿಲ್ಲ

ಮಂಡ್ಯ ಹತ್ತಿರದ ಆಲೆಮನೆಯವರೊಬ್ಬರು ಬೆಲ್ಲ ಮಾರಲು ವೆಬ್‌ಸೈಟ್ ಮಾಡಿಸಿದ್ದರು. ಮಾಡಿಕೊಟ್ಟಿದ್ದು ಬೇರೆ ಯಾರೋ. ಮೈಸೂರಿನ ನನ್ನ ಆಫೀಸಿಗೆ ಬರುವ ಹೊತ್ತಿಗೆ ಎರಡು ಸಲ ಹೋಸ್ಟಿಂಗ್ ಪ್ಲಾನ್ ಏರಿಸಿ ದುಡ್ಡು ಕಳೆದುಕೊಂಡಿದ್ದರು. "ದೊಡ್ಡ ಸರ್ವರೇ ತಗೊಂಡೆ ಸಾರ್, ಆದ್ರೂ ಫೋನಲ್ಲಿ ಓಪನ್ನೇ ಆಗಲ್ಲ" ಎಂದರು.

ಅವರೆದುರಿಗೇ ಸೈಟ್ ತೆರೆದು, ಯಾವ ಫೈಲ್ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ತೋರಿಸುವ ಕ್ರೋಮ್ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ನೋಡಿದೆ. ಸರ್ವರ್ ಬೇಗನೇ ಉತ್ತರ ಕೊಟ್ಟಿತ್ತು, ಅದರ ತಪ್ಪೇನೂ ಇರಲಿಲ್ಲ. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಚಂದದ ಫೋಟೊ. ಕೆಳಗೆ ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲ ಅಂತ ಎಂಟು ಫೋಟೊ. ಒಂಬತ್ತನ್ನೂ ಫೋನಿನಲ್ಲಿ ತೆಗೆದು ಹಾಗೇ ಅಪ್‌ಲೋಡ್ ಮಾಡಿದ್ದರು. ಒಟ್ಟು 38 ಎಂಬಿ. ಸೆಕೆಂಡಿಗೆ 4 ಮೆಗಾಬಿಟ್ ಸಿಗುವ ಊರಿನಲ್ಲಿ ಇದು ಇಳಿಯಲು ಒಂದೂಕಾಲು ನಿಮಿಷ ಬೇಕು. ಬೆಲ್ಲಕ್ಕಾಗಿ ಯಾರು ಅಷ್ಟು ಹೊತ್ತು ಕಾಯುತ್ತಾರೆ?

ಹೋಂಸ್ಟೇ, ರೇಷ್ಮೆ ಸೀರೆ ಅಂಗಡಿ, ಯೋಗ ತರಗತಿ, ಎಲ್ಲರದ್ದೂ ಇದೇ ಕಥೆ. ದಸರಾ ಹತ್ತಿರ ಬಂದಾಗ ಇಂಥ ಫೋನ್ ಜಾಸ್ತಿ. ಅಂಗಡಿಯವರ ಮೇಲೆ ನನಗೆ ಬೇಜಾರಿಲ್ಲ, ಅವರಿಗೆ ಇದು ಗೊತ್ತಿರಬೇಕಾಗಿಯೂ ಇಲ್ಲ. ಬೇಜಾರಾಗುವುದು ನಮ್ಮ ಡೆವಲಪರ್ ಹುಡುಗರು "ಸಿಎಸ್‌ಎಸ್‌ನಲ್ಲಿ ಅಗಲ 300 ಪಿಕ್ಸೆಲ್ ಕೊಟ್ಟಿದ್ದೀನಲ್ಲ ಸಾರ್, ಚಿತ್ರ ಚಿಕ್ಕದೇ ಇದೆ" ಎಂದಾಗ.

ಇಲ್ಲ, ಚಿಕ್ಕದಿಲ್ಲ. ಚಿಕ್ಕದಾಗಿ ಕಾಣುತ್ತಿದೆ, ಅಷ್ಟೇ. ಸಿಎಸ್‌ಎಸ್ ಎಂದರೆ ಪುಟ ಹೇಗೆ ಕಾಣಬೇಕು ಎಂದು ಹೇಳುವ ಕೋಡ್. ಬಂದ ಚಿತ್ರವನ್ನು ಎಷ್ಟು ಜಾಗದಲ್ಲಿ ತೋರಿಸಬೇಕು ಅಂತ ಅದು ಹೇಳುತ್ತದೆ. ಎಷ್ಟು ತರಿಸಬೇಕು ಅಂತ ಹೇಳುವುದಿಲ್ಲ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೊ ಪೂರ್ತಿಯಾಗಿ ಫೋನಿಗೆ ಇಳಿದು ಬರುತ್ತದೆ, ಆಮೇಲೆ ಬ್ರೌಸರ್ ಅದನ್ನು ಕುಗ್ಗಿಸಿ ತೋರಿಸುತ್ತದೆ. ಡೇಟಾ ಅಷ್ಟೂ ಖರ್ಚಾಗಿರುತ್ತದೆ. ಅದನ್ನು ಬಿಚ್ಚುವಾಗ ಒಂದು ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಆ ಒಂದೇ ಚಿತ್ರಕ್ಕೆ ಸುಮಾರು 48 ಎಂಬಿ ಮೆಮೊರಿ ಬೇಕಾಗಬಹುದು. ಕಡಿಮೆ ಬೆಲೆಯ ಫೋನು ಒದ್ದಾಡುವುದು ಇಲ್ಲೇ. ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ನನ್ (display: none) ಹಾಕಿ ಫೋನಿನಲ್ಲಿ ಚಿತ್ರ ಮುಚ್ಚಿಟ್ಟಿದ್ದೇವೆ ಎನ್ನುವವರೂ ಇದ್ದಾರೆ. ಪುಟದಲ್ಲಿ ಚಿತ್ರ ಹಾಕಲು ಬಳಸುವ ಐಎಂಜಿ (img) ಟ್ಯಾಗ್‌ನಲ್ಲಿ ಇರುವ ಚಿತ್ರ ಹಾಗೆ ಮುಚ್ಚಿಟ್ಟರೂ ಸಾಮಾನ್ಯವಾಗಿ ಡೌನ್‌ಲೋಡ್ ಆಗೇ ಆಗುತ್ತದೆ.

ಇಷ್ಟನ್ನು ಹೇಳಿದಾಗ ಆಲೆಮನೆಯವರಿಗೆ ತಕ್ಷಣ ಅರ್ಥವಾಯಿತು. "ಅಂದ್ರೆ ಒಂದು ಲೋಟ ಕಬ್ಬಿನ ಹಾಲು ಕೇಳಿದೋನ ಮನೆ ಮುಂದೆ ಒಂದು ಗಾಡಿ ಕಬ್ಬು ತಂದು ಇಳಿಸ್ದಂಗೆ ಅನ್ನಿ" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಯಾವ ಹುಡುಗರಿಗೂ ಹೇಳಿಕೊಟ್ಟಿಲ್ಲ.

ಹಾಗಾದರೆ ಮಾಡುವುದೇನು? ಒಂದೊಂದು ಫೋಟೊಗೂ 400, 800, 1200, 1600 ಪಿಕ್ಸೆಲ್ ಅಗಲದ ನಾಲ್ಕು ಫೈಲ್ ಇಡಿ. ಐಎಂಜಿ ಟ್ಯಾಗ್‌ನ ಎಸ್‌ಆರ್‌ಸಿಸೆಟ್‌ನಲ್ಲಿ (srcset) ಪ್ರತಿ ಫೈಲಿನ ಹೆಸರು, ಅದರ ಪಕ್ಕ ಅಗಲ ಬರೆಯಿರಿ. ಇಷ್ಟನ್ನು ಸುಮಾರು ಜನ ಮಾಡುತ್ತಾರೆ. ಬಿಟ್ಟುಬಿಡುವುದು ಸೈಜಸ್ (sizes), ಅಂದರೆ ಚಿತ್ರ ಪರದೆಯಲ್ಲಿ ಎಷ್ಟು ಅಗಲ ಕಾಣುತ್ತದೆ ಎಂದು ಹೇಳುವ ಸಾಲು. ಅದನ್ನು ಬರೆಯದಿದ್ದರೆ ಚಿತ್ರ ಪರದೆಯ ಪೂರ್ತಿ ಅಗಲಕ್ಕೆ ಬರುತ್ತದೆ ಎಂದು ಬ್ರೌಸರ್ ಅಂದುಕೊಳ್ಳುತ್ತದೆ. "ಸಿಎಸ್‌ಎಸ್ ನೋಡಿ ಅದೇ ತಿಳ್ಕೋಬಹುದಲ್ವಾ?" ಎಂದು ಕೇಳುತ್ತಾರೆ. ತಿಳಿದುಕೊಳ್ಳುವಷ್ಟು ಹೊತ್ತು ಅದು ಕಾಯುವುದಿಲ್ಲ. ಪುಟದ ಮೂಲ ಕೋಡ್ ಆದ ಎಚ್‌ಟಿಎಂಎಲ್ ಬರುತ್ತಿದ್ದ ಹಾಗೇ, ಪುಟದ ಲೇಔಟ್ ತಯಾರಾಗುವ ಮೊದಲೇ, ಚಿತ್ರಗಳನ್ನು ಹುಡುಕಿ ತರಿಸಲು ಶುರು ಮಾಡುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಗೊತ್ತಿರುವುದು ಸೈಜಸ್‌ನಲ್ಲಿ ನೀವು ಬರೆದದ್ದು ಮಾತ್ರ. ಬೆಲ್ಲದ ಫೋಟೊಗಳು ಫೋನಿನಲ್ಲಿ ಸಾಲಿಗೆ ಎರಡು ಬರುತ್ತಿದ್ದವು. ಹಾಗಾಗಿ ಪರದೆ 800 ಪಿಕ್ಸೆಲ್ ದಾಟಿದರೆ 25ವಿಡಬ್ಲ್ಯೂ, ಇಲ್ಲದಿದ್ದರೆ 50ವಿಡಬ್ಲ್ಯೂ (ಪರದೆಯ ಅಗಲದ ಶೇಕಡಾ 50) ಎಂದು ಬರೆದೆ. 400 ಪಿಕ್ಸೆಲ್ ಅಗಲದ, ಪಿಕ್ಸೆಲ್ ರೇಶಿಯೊ 3 ಇರುವ (ಅಗಲದ ಒಂದು ಪಿಕ್ಸೆಲ್‌ಗೆ ಪರದೆಯ ಮೂರು ಚುಕ್ಕಿ ಬಳಸುವ) ಫೋನು ಈಗ 1200ರ ಬದಲು 800ರ ಫೈಲನ್ನು ಆರಿಸಿಕೊಳ್ಳುತ್ತದೆ. ಒಂದು ಸಾಲಿನ ಕೆಲಸ.

ಇನ್ನೊಂದು ತಪ್ಪು. ಎಲ್ಲೋ ಓದಿ ಎಲ್ಲ ಚಿತ್ರಕ್ಕೂ ಲೋಡಿಂಗ್ ಲೇಜಿ, ಅಂದರೆ ಪರದೆಯ ಹತ್ತಿರ ಬಂದಾಗ ಮಾತ್ರ ತರಿಸು ಎನ್ನುವ ಸೂಚನೆ, ಹಾಕಿಬಿಡುತ್ತಾರೆ. ಕೆಳಗಿನ ಚಿತ್ರಗಳಿಗೆ ಸರಿ. ಪುಟ ತೆರೆದ ತಕ್ಷಣ ಕಾಣಬೇಕಾದ ಮೊದಲ ದೊಡ್ಡ ಚಿತ್ರಕ್ಕೆ ಅದನ್ನು ಹಾಕಬೇಡಿ, ಸುಮ್ನೆ ತಡವಾಗುತ್ತದೆ. ಅದಕ್ಕೆ ಮೊದಲು ತರಿಸು ಎನ್ನುವ ಫೆಚ್‌ಪ್ರಯಾರಿಟಿ ಹೈ ಕೊಡಿ. ಗೂಗಲ್ ಎಲ್‌ಸಿಪಿ (ಪುಟದ ಅತಿ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) ಎಂದು ಅಳೆಯುವುದು ಹೆಚ್ಚಿನ ಪುಟಗಳಲ್ಲಿ ಈ ಚಿತ್ರವನ್ನೇ, ಅದು 2.5 ಸೆಕೆಂಡಿನೊಳಗೆ ಬಂದರೆ ಒಳ್ಳೆಯದು ಎಂದು ಲೆಕ್ಕ. ಎಲ್ಲ ಚಿತ್ರಕ್ಕೂ ವಿಡ್ತ್, ಹೈಟ್ ಬರೆಯಿರಿ. ಇಲ್ಲದಿದ್ದರೆ ಓದುತ್ತಿರುವಾಗಲೇ ಪುಟ ಕುಣಿಯುತ್ತದೆ.

ಫೈಲ್ ಚಿಕ್ಕದಾಗಿಸುವ ವೆಬ್‌ಪಿ ಎಂಬ ಚಿತ್ರದ ಮಾದರಿ ಬಳಸಿ. ಸಫಾರಿಗೂ ಅದು 2020ರಲ್ಲೇ ಬಂದಿದೆ. ಕ್ವಾಲಿಟಿ 75ರಿಂದ 80 ಸಾಮಾನ್ಯವಾಗಿ ಸಾಕು ಎನ್ನುತ್ತೇನೆ, ಆದರೆ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ರೇಷ್ಮೆ ಸೀರೆ ಅಂಗಡಿಯೊಂದರ ಸೈಟಿನಲ್ಲಿ ಜರಿಯ ಅಂಚು ಮಸುಕಾಗಿ, ಅಂಗಡಿಯ ಅಮ್ಮ "ಇದು ನಮ್ಮ ಸೀರೆನೇ ಅಲ್ಲ" ಎಂದುಬಿಟ್ಟರು. ಅವರು ಹೇಳಿದ್ದೇ ಸರಿ. ಗಿರಾಕಿ ಸೀರೆ ಕೊಳ್ಳುವುದೇ ಆ ಜರಿ ನೋಡಿ. ಅಲ್ಲಿ 88ಕ್ಕೆ ಏರಿಸಿದೆ. ಬೆಲ್ಲಕ್ಕೆ 75 ಸಾಕಾಯಿತು.

ಫೋಟೊ ಕುಗ್ಗಿಸಿ ಹಾಕಿ ಎಂದು ಅಂಗಡಿಯವರಿಗೆ ಪಾಠ ಹೇಳಬೇಡಿ. ಎರಡು ವಾರ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ, ಅವರಿಗೆ ಬೇರೆ ಕೆಲಸವಿದೆ. ವರ್ಡ್‌ಪ್ರೆಸ್‌ನಲ್ಲಿ 2015ರ 4.4 ಆವೃತ್ತಿಯಿಂದ ಎಸ್‌ಆರ್‌ಸಿಸೆಟ್ ತಾನಾಗೇ ಬರುತ್ತದೆ. ಆದರೆ ಥೀಮ್ ಬರೆದವರು ಮೂಲ ಫೈಲಿನ ವಿಳಾಸವನ್ನೇ ನೇರವಾಗಿ ಹಾಕಿದ್ದರೆ ಅದು ಸಿಗುವುದಿಲ್ಲ, ಒಮ್ಮೆ ನೋಡಿಕೊಳ್ಳಿ. ಸರ್ವರ್ ಕೋಡನ್ನು ನೋಡ್‌ಜೆಎಸ್‌ನಲ್ಲಿ (Node.js) ಬರೆಯುವವರು ಅಪ್‌ಲೋಡ್ ಆದ ಕೂಡಲೇ ಚಿತ್ರದ ಅಳತೆ ಬದಲಿಸುವ ಶಾರ್ಪ್ ಲೈಬ್ರರಿಯಿಂದ ನಾಲ್ಕೂ ಅಳತೆ ಮಾಡಿಸಿ, ಮೂಲ ಫೋಟೊವನ್ನು ಬೇರೆ ಫೋಲ್ಡರಿನಲ್ಲಿ ಜೋಪಾನವಾಗಿಡಿ. ರೀಸೈಜ್‌ಗೆ ಮೊದಲು ರೊಟೇಟ್ ಅನ್ನು ಖಾಲಿ ಆವರಣದೊಂದಿಗೆ ಒಮ್ಮೆ ಕರೆಯಿರಿ. ಫೋನು ಎಷ್ಟೋ ಸಲ ನಿಲುವಿನ ಫೋಟೊವನ್ನೂ ಅಡ್ಡವಾಗಿಯೇ ಉಳಿಸಿ, ಹೇಗೆ ತಿರುಗಿಸಬೇಕು ಎನ್ನುವುದನ್ನು ಫೈಲಿನೊಳಗಿನ ಎಕ್ಸಿಫ್ ಎಂಬ ವಿವರಪಟ್ಟಿಯಲ್ಲಿ ಬರೆದಿಡುತ್ತದೆ. ಶಾರ್ಪ್ ಆ ಎಕ್ಸಿಫ್ ಅನ್ನು ತೆಗೆದುಹಾಕುತ್ತದೆ. ಫೋಟೊ ತೆಗೆದ ಜಾಗದ ವಿವರವೂ ಅದರ ಜೊತೆ ಹೋಗುವುದರಿಂದ ಇದು ಒಳ್ಳೆಯದೇ. ಆದರೆ ರೊಟೇಟ್ ಮರೆತಿರೋ, ಆಲೆಮನೆಯ ಚಿಮಣಿ ಮಲಗಿಕೊಂಡು ಕಾಣಿಸುತ್ತದೆ.