ಸರಡಗಿ ಮೇಲಿನ ಸದ್ದು: ವಿಮಾನ ನಿಲ್ದಾಣದ ಲೆಕ್ಕದಲ್ಲಿ ಊರು ಎಲ್ಲಿದೆ?

ಕಲಬುರಗಿ ವಿಮಾನ ನಿಲ್ದಾಣದ ಮಾತು ಬಂದರೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡೇ. ಬೆಂಗಳೂರಿಗೆ ವಿಮಾನ ಇದೆಯಾ, ಇಲ್ವಾ? ಟಿಕೆಟ್ ಎಷ್ಟು? ಹೈದರಾಬಾದಿಗೋ ಬೆಂಗಳೂರಿಗೋ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋದವರು ಈ ಪ್ರಶ್ನೆ ಕೇಳುವುದು ಸರಿಯೇ. ಆದರೆ ಬೇಲಿಯ ಆಚೆ ಇನ್ನೊಂದು ಪ್ರಶ್ನೆ ಇದೆ. ಪಕ್ಕದ ಶ್ರೀನಿವಾಸ ಸರಡಗಿ ಎಂಬ ಊರಿನವರು ಮತ್ತು ಸುತ್ತಲಿನ ಹಳ್ಳಿಯವರು ವಿಮಾನದ ಸದ್ದಿನ ಬಗ್ಗೆ, ಮುಂದಿನ ವಿಸ್ತರಣೆಯ ಬಗ್ಗೆ ಯಾರನ್ನು ಕೇಳಬೇಕು? ಉತ್ತರ ಹುಡುಕಿದರೆ ವಿಮಾನ ನಿಲ್ದಾಣ ಪ್ರಾಧಿಕಾರ (ಎಎಐ), ವಿಮಾನಯಾನ ನಿಯಂತ್ರಕ ಡಿಜಿಸಿಎ, ಮಾಲಿನ್ಯ ನಿಯಂತ್ರಣ ಮಂಡಳಿ, ಡಿಸಿ ಕಚೇರಿ, ನಗರಾಭಿವೃದ್ಧಿ ಪ್ರಾಧಿಕಾರ, ಗ್ರಾಮ ಪಂಚಾಯಿತಿ ಹೀಗೆ ಹೆಸರುಗಳ ಸಾಲೇ ಸಿಗುತ್ತದೆ. ಒಬ್ಬರ ಕೆಲಸ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಹಿಂದಿನದನ್ನು ಬೇಗ ಹೇಳಿಬಿಡಬಹುದು. 2008ರಲ್ಲಿ ಅಡಿಗಲ್ಲು ಬಿತ್ತು. ಖಾಸಗಿ ಸಹಭಾಗಿತ್ವದ ಯೋಜನೆ ನಡುವೆ ನಿಂತಿತು, ಒಪ್ಪಂದ ರದ್ದಾಯಿತು, ಲೋಕೋಪಯೋಗಿ ಇಲಾಖೆ ಉಳಿದ ಕೆಲಸ ಮುಗಿಸಿತು. 2018ರ ಆಗಸ್ಟ್‌ನಲ್ಲಿ ಪ್ರಾಯೋಗಿಕ ವಿಮಾನ ಇಳಿಯಿತು. 2019ರ ನವೆಂಬರ್ 22ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. 700 ಎಕರೆಗೂ ಜಾಸ್ತಿ ಜಾಗ, 3,175 ಮೀಟರ್ ರನ್‌ವೇ. ತೊಗರಿ ಬೆಳೆಯುವ ಸೀಮೆಯಲ್ಲಿ ಇಷ್ಟು ದೊಡ್ಡ ರನ್‌ವೇ ಬಂದದ್ದು ಈ ಭಾಗಕ್ಕೆ ಹೆಮ್ಮೆಯ ವಿಷಯವೇ.

ಬೆಂಗಳೂರಿನ ಜೊತೆಗೆ ದೆಹಲಿ ಪಕ್ಕದ ಹಿಂಡನ್‌ಗೆ, ತಿರುಪತಿಗೆ ವಿಮಾನಗಳು ಹಾರಿದವು. ಆದರೆ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ನೆರವು ಸಿಗುವುದು ಮೂರು ವರ್ಷ. ಆಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪ್ರಯಾಣಿಕರ ವಿಮಾನಗಳು ಒಂದೊಂದಾಗಿ ಕಡಿಮೆಯಾದವು. ಊರಿನ ಎಲ್ಲ ಗಮನ ಅದರ ಮೇಲೇ ಹೋಯಿತು. ಅಷ್ಟರಲ್ಲಿ ನಿಲ್ದಾಣದ ದಿನಚರಿಯೇ ಬೇರೆಯಾಗಿತ್ತು.

2021ರಲ್ಲಿ ಎಎಐ ದೇಶದ ಐದು ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಿತು. ಬೆಳಗಾವಿ, ಜಳಗಾಂವ್, ಖಜುರಾಹೊ, ಲೀಲಾಬಾರಿ ಜೊತೆ ಕಲಬುರಗಿಯೂ ಆ ಪಟ್ಟಿಯಲ್ಲಿತ್ತು. ಉದ್ದದ ರನ್‌ವೇ, ಖಾಲಿ ಆಕಾಶ, ವರ್ಷದ ಬಹುಪಾಲು ಒಳ್ಳೆಯ ಬಿಸಿಲು. ತರಬೇತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಿಲ್ದಾಣಕ್ಕೆ ಆದಾಯವೂ ಬಂತು.

ಈ ಹಂತವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಯಾಣಿಕರ ವಿಮಾನ ಬರುತ್ತದೆ, ಹೋಗುತ್ತದೆ. ತರಬೇತಿ ವಿಮಾನ ಹಾಗಲ್ಲ. ಅದು ಏರುತ್ತದೆ, ತಿರುಗುತ್ತದೆ, ನೆಲದಿಂದ ಸುಮಾರು 1,000 ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಾರುತ್ತದೆ, ಮತ್ತೆ ತಿರುಗಿ ಇಳಿಯುತ್ತದೆ. ಚಕ್ರ ನೆಲಕ್ಕೆ ತಾಗಿದ ತಕ್ಷಣ ನಿಲ್ಲದೆ ಮತ್ತೆ ಏರುತ್ತದೆ. ಇದಕ್ಕೆ ‘ಟಚ್ ಅಂಡ್ ಗೋ’ ಅನ್ನುತ್ತಾರೆ. ಒಂದು ಸುತ್ತಿಗೆ ಕೆಲವೇ ನಿಮಿಷ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ ಒಬ್ಬ ವಿದ್ಯಾರ್ಥಿ 200 ಗಂಟೆ ಹಾರಬೇಕು. ಅದರಲ್ಲಿ ದೂರದ ಊರಿಗೆ ಹಾರುವುದೂ ಸೇರಿದೆ. ಆದರೂ ಏರುವುದನ್ನು, ಇಳಿಯುವುದನ್ನು ಕಲಿಯುವ ಜಾಗ ರನ್‌ವೇ ಸುತ್ತಲಿನ ಇದೇ ಸುತ್ತು. ಅದರ ಕೆಳಗೆ ಹೊಲ ಇದೆ, ಮನೆ ಇದೆ, ಶಾಲೆ ಇದೆ.

ಈ ಸದ್ದು ಕಿವಿ ಮುಚ್ಚಿಕೊಳ್ಳುವಷ್ಟು ಜೋರಲ್ಲ. ತೊಂದರೆ ಇರುವುದು ಅದು ಮತ್ತೆ ಮತ್ತೆ ಬರುವುದರಲ್ಲಿ. ಈಗಿನ ನಿಯಮ ಹಿಡಿಯಲಾಗದ ಸಂಗತಿಯೂ ಅದೇ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ವಿಮಾನ ನಿಲ್ದಾಣಗಳಿಗೆ ಬೇರೆ ಮಿತಿ ತಂದಿತು. ವರ್ಷಕ್ಕೆ 50,000ಕ್ಕೂ ಹೆಚ್ಚು ಸಲ ವಿಮಾನ ಏರುವ ಅಥವಾ ಇಳಿಯುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65. ಉಳಿದವಕ್ಕೆ 65 ಮತ್ತು 60. ಅಂದರೆ ಚಿಕ್ಕ ನಿಲ್ದಾಣಕ್ಕೂ ವಸತಿ ಮಿತಿಗಿಂತ ಹಗಲು 10, ರಾತ್ರಿ 15 ಡೆಸಿಬಲ್ ಜಾಸ್ತಿ. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟು ಕೇಳುತ್ತದೆ.

ಅದಕ್ಕಿಂತ ಮುಖ್ಯ ವಿಷಯ, ಈ ಅಂಕಿಗಳೆಲ್ಲ ಸರಾಸರಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ 16 ಗಂಟೆಯ ಸದ್ದನ್ನು ಸರಾಸರಿಗೆ ಇಳಿಸುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. ಒಂದು ವಿಮಾನ ಅರ್ಧ ನಿಮಿಷ 85 ಡೆಸಿಬಲ್ ಸದ್ದು ಮಾಡಿತು, ಉಳಿದ ಹೊತ್ತು ಪೂರ್ತಿ ನಿಶ್ಶಬ್ದ ಅಂದುಕೊಳ್ಳಿ. ಸರಾಸರಿ ಬರುವುದು ಸುಮಾರು 52. ಅಂಥ ಹತ್ತು ವಿಮಾನ ಬಂದರೂ 62, ಮಿತಿಯ ಒಳಗೇ. ಈಗ ತರಬೇತಿ ವಿಮಾನ. 65 ಡೆಸಿಬಲ್‌ನಲ್ಲಿ 20 ಸೆಕೆಂಡಿನಂತೆ ದಿನಕ್ಕೆ 100 ಸಲ ಮನೆ ಮೇಲೆ ಹಾದುಹೋದರೂ ಸರಾಸರಿ 50ರ ಆಸುಪಾಸು. ಕಾಗದದಲ್ಲಿ ಆ ಮನೆಯ ಮೇಲೆ ಏನೂ ಆಗಿಲ್ಲ. ಪಾಠ ಮಾಡುವ ಮೇಷ್ಟ್ರು ನೂರು ಸಲ ಮಾತು ನಿಲ್ಲಿಸಬೇಕಾಗಿ ಬಂದರೂ ಅದು ಈ ಅಂಕಿಯಲ್ಲಿ ಕಾಣುವುದಿಲ್ಲ. ಹಳ್ಳಿಯಲ್ಲಿ ಸುತ್ತಲೂ ಪೇಟೆಯ ಗದ್ದಲ ಇರುವುದಿಲ್ಲ. ಅದಕ್ಕೇ ಪ್ರತಿ ಸುತ್ತೂ ಬೇರೆಯಾಗಿಯೇ ಕೇಳುತ್ತದೆ.

ಹಾಗಾದರೆ ಊರಿನವರು ಕೂರುವ ಸಮಿತಿ ಯಾವುದೂ ಇಲ್ವಾ? ಸಮಿತಿಗಳಿವೆ. ಎಎಐ ನಿಲ್ದಾಣಗಳಲ್ಲಿ ಲೋಕಸಭಾ ಸದಸ್ಯರ ಅಧ್ಯಕ್ಷತೆಯ ಸಲಹಾ ಸಮಿತಿ ಇರುತ್ತದೆ. ಅಲ್ಲಿ ಹೆಚ್ಚಾಗಿ ಪ್ರಯಾಣಿಕರ ಸೌಲಭ್ಯ, ಹೊಸ ಮಾರ್ಗ, ಪಾರ್ಕಿಂಗ್, ಟ್ಯಾಕ್ಸಿಯ ಚರ್ಚೆ. ಇನ್ನೊಂದು ಪರಿಸರ ನಿರ್ವಹಣಾ ಸಮಿತಿ. ಹೆಸರು ಕೇಳಿದರೆ ಸದ್ದಿನ ವಿಷಯ ಇಲ್ಲೇ ಬರಬೇಕು ಅನಿಸುತ್ತದೆ. ಆದರೆ ಅದರ ಮುಖ್ಯ ಕೆಲಸ ಹಕ್ಕಿ ಮತ್ತು ಪ್ರಾಣಿಗಳಿಂದ ವಿಮಾನಕ್ಕೆ ಅಪಾಯ ಆಗದಂತೆ ನೋಡುವುದು. ನಿಲ್ದಾಣದ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯಬಾರದು, ಪ್ರಾಣಿ ಕಡಿಯಬಾರದು ಎಂಬ ನಿಯಮ ಇದೆ. ಅದು ಬೇಕು, ಪ್ರಯಾಣಿಕರ ಜೀವದ ಪ್ರಶ್ನೆ. ಜೊತೆಗೆ 2015ರ ಎತ್ತರ ಮಿತಿ ನಿಯಮಗಳಿವೆ. ಗೊತ್ತುಪಡಿಸಿದ ವಲಯದಲ್ಲಿ ಎತ್ತರದ ಕಟ್ಟಡ, ಮೊಬೈಲ್ ಟವರ್ ಕಟ್ಟಲು ಎನ್‌ಒಸಿ ಬೇಕು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಿಲ್ದಾಣದ ಕಡತದಲ್ಲಿ ಊರು ಮೂರು ಕಡೆ ಬರುತ್ತದೆ. ಸ್ವಾಧೀನ ಮಾಡಬೇಕಾದ ಜಮೀನಾಗಿ, ತಡೆಯಬೇಕಾದ ಎತ್ತರವಾಗಿ, ಹಕ್ಕಿ ಕರೆಯುವ ಕಸವಾಗಿ. ಆ ಸದ್ದನ್ನು ದಿನವೂ ಕೇಳುವ ಜನರಾಗಿ ಎಲ್ಲೂ ಬರುವುದಿಲ್ಲ.

ಮಾತಾಡುವ ಅವಕಾಶ ಕಾನೂನಿನಲ್ಲಿ ಒಂದು ಸಲ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹೊಸ ನಿಲ್ದಾಣಕ್ಕೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆ ಹೊತ್ತಿಗೆ ಜನರ ಮನಸ್ಸಿನಲ್ಲಿ ಇರುವುದು ಪರಿಹಾರ ಮತ್ತು ಕೆಲಸ. ವಿಮಾನ ಇನ್ನೂ ಹಾರಿಯೇ ಇಲ್ಲ, ಸದ್ದಿನ ಬಗ್ಗೆ ಏನು ಕೇಳುವುದು? ಪೈಲಟ್ ತರಬೇತಿ ಬರುತ್ತದೆ ಎಂದು ಆಗ ಯಾರು ಊಹಿಸಿಯಾರು? ಅನುಮತಿ ಸಿಕ್ಕ ಮೇಲೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಗ್ರಾಮ ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮ ಮಾತ್ರ ಇಲ್ಲ.

ಬೀದರ್ ಕಥೆ ಬೇರೆ. ಅಲ್ಲಿ ರನ್‌ವೇ ವಾಯುಪಡೆಯದು. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ ಅಲ್ಲೇ, ಹಾಕ್ ತರಬೇತಿ ಜೆಟ್‌ಗಳು 2008ರಲ್ಲಿ ಬಂದವು. ಊರು ಆ ಸದ್ದಿನ ಜೊತೆಗೇ ಬೆಳೆದಿದೆ, ಅದರ ಬಗ್ಗೆ ಅಭಿಮಾನವೂ ಇದೆ. ನಾಗರಿಕ ವಿಮಾನದ ವಿಷಯದಲ್ಲಿ ಅಡ್ಡ ಬಂದದ್ದು 150 ಕಿ.ಮೀ. ಒಳಗೆ ಬೇರೆ ನಾಗರಿಕ ನಿಲ್ದಾಣ ಬರಬಾರದು ಎಂದು ಹೈದರಾಬಾದ್ ನಿಲ್ದಾಣದ ಒಪ್ಪಂದದಲ್ಲಿದ್ದ ಷರತ್ತು. ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. 2020ರ ಫೆಬ್ರವರಿಯಲ್ಲಿ ಹಾರಾಟ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅಲ್ಲಿಯೂ ನಿರ್ಧಾರಗಳು ಆದದ್ದು ಊರಿನ ಹೊರಗೆ.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಮಾಡಿದ್ದಾರೆ. ಬ್ರಿಟನ್ನಿನ 1982ರ ನಾಗರಿಕ ವಿಮಾನಯಾನ ಕಾಯ್ದೆಯ ಪ್ರಕಾರ, ಸರ್ಕಾರ ಗೊತ್ತುಮಾಡಿದ ನಿಲ್ದಾಣಗಳು ಸ್ಥಳೀಯ ಸಂಸ್ಥೆಗಳು ಮತ್ತು ಸುತ್ತಲಿನ ಜನರ ಸಂಘಗಳ ಜೊತೆ ಸಮಾಲೋಚನೆಗೆ ವ್ಯವಸ್ಥೆ ಮಾಡಲೇಬೇಕು. ಆಸ್ಟ್ರೇಲಿಯಾದ ಮುಖ್ಯ ನಿಲ್ದಾಣಗಳಲ್ಲಿ ಇದಕ್ಕೆಂದೇ ಸಮುದಾಯ ಸಮಿತಿಗಳಿವೆ. ಹಾರಾಟ ನಿಲ್ಲಿಸುವ ಅಧಿಕಾರ ಇವಕ್ಕೆ ಇಲ್ಲ. ಪ್ರಶ್ನೆ ಕೇಳಿದರೆ ದಾಖಲಾಗುತ್ತದೆ, ಉತ್ತರ ಬರುತ್ತದೆ.

ನಮ್ಮಲ್ಲಿ ಇದು ಈಗಲೇ ಬೇಕು ಅನ್ನುವುದಕ್ಕೆ ಕಾರಣ ನಿಲ್ದಾಣದ ಕಡೆಗೆ ಹೋಗುವ ಸೇಡಂ ರಸ್ತೆ. ನಿಲ್ದಾಣ ಇರುವ ಕಡೆಗೆ ನಗರ ಬೆಳೆಯುತ್ತದೆ, ‘ಏರ್‌ಪೋರ್ಟ್ ಹತ್ತಿರ’ ಎಂದರೆ ಪ್ಲಾಟಿನ ಬೆಲೆ ಏರುತ್ತದೆ. ಎನ್‌ಎ (ಕೃಷಿಯೇತರ ಜಾಗ) ಆಗಿದೆಯಾ ಎಂದು ಕೊಳ್ಳುವವರು ಕೇಳುತ್ತಾರೆ. ವಿಮಾನ ಸುತ್ತುವ ದಾರಿಯ ಕೆಳಗಿದೆಯಾ ಎಂದು ಯಾರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಮನೆ ಎದ್ದ ಮೇಲೆ ಹಾರಾಟದ ದಾರಿ ಬದಲಿಸುವುದು ಕಷ್ಟ. ಮನೆ ಏಳುವ ಮೊದಲು ನಕ್ಷೆಯ ಮೇಲೆ ಒಂದು ಗೆರೆ ಎಳೆಯುವುದು ಸುಲಭ.

ಸಲಹಾ ಸಮಿತಿಯಲ್ಲಿ ಸುತ್ತಲಿನ ಪಂಚಾಯಿತಿಗಳಿಗೆ ಕಾಯಂ ಜಾಗ ಕೊಡಬಹುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ದಿನಗಳಲ್ಲಿ ತರಬೇತಿ ಸುತ್ತುಗಳ ಹೊತ್ತು ಬದಲಿಸಿ, ಅದನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಬಹುದು. ಸರಾಸರಿಯ ಜೊತೆಗೆ ದಿನಕ್ಕೆ ಎಷ್ಟು ಸಲ ವಿಮಾನ ತಲೆಯ ಮೇಲೆ ಹೋಯಿತು ಎಂಬ ಎಣಿಕೆಯನ್ನೂ ಬರೆದಿಡಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ರಾತ್ರಿ ವಿಮಾನ ಬೇಕೆಂಬ ಬೇಡಿಕೆ ಈ ಭಾಗದಲ್ಲಿ ಹಳೆಯದು, ಅದು ಈಡೇರಬೇಕು ಕೂಡ. ಆದರೆ ಮೊದಲ ರಾತ್ರಿ ವಿಮಾನ ಇಳಿಯುವ ಮುಂಚೆ ಸರಡಗಿಯ ರಾತ್ರಿಯ ಸದ್ದು ಎಷ್ಟಿದೆ ಎಂದು ಒಂದು ವಾರ ಅಳೆದು ಇಡಬೇಕು. ವಿಮಾನ ಬಂದ ಮೇಲೆ ಆ ಅಳತೆ ತೆಗೆದುಕೊಳ್ಳಲು ಆಗುವುದಿಲ್ಲ.