ಯೋಚನೆ ಮಾಡಬೇಡ ಅಂದರೆ ಯೋಚನೆ ನಿಲ್ಲುತ್ತಾ?

ಪ್ರಶ್ನೆ: ರಾತ್ರಿ ತಲೆ ದಿಂಬಿಗೆ ಇಟ್ಟ ತಕ್ಷಣ ಸಾಲ, ಮಗಳ ಓದು, ಆಫೀಸಿನಲ್ಲಿ ಯಾರೋ ಅಂದ ಮಾತು, ಎಲ್ಲಾ ಶುರುವಾಗುತ್ತದೆ. ಯೋಚನೆ ಮಾಡಬಾರದು ಅಂತ ಎಷ್ಟು ಅಂದುಕೊಂಡರೂ ಆಗುತ್ತಿಲ್ಲ. ಮನಸ್ಸು ಗಟ್ಟಿಯಾಗಲು ದಿನಾ ಏನು ಮಾಡಬೇಕು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಊರು, ಹೆಸರು ಬದಲಾಗುತ್ತವೆ. 'ಯೋಚನೆ ಮಾಡಬಾರದು ಅಂತ ಎಷ್ಟು ಅಂದುಕೊಂಡರೂ' ಅನ್ನುವ ಸಾಲು ಮಾತ್ರ ಬದಲಾಗುವುದಿಲ್ಲ.

ದಿನದ ಅಭ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ನಿದ್ದೆ ಯಾವಾಗಲೇ ಬಂದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ, ಭಾನುವಾರವೂ. ಎದ್ದು ಸ್ವಲ್ಪ ಹೊತ್ತು ಬೆಳಕಿಗೆ ಬನ್ನಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಸಂಜೆಯ ಕಾಫಿ ಬಿಡಿ. 5 ಗಂಟೆಗೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ. ಇಷ್ಟನ್ನು ನೀವು ಮೊದಲೇ ಕೇಳಿರುತ್ತೀರಿ.

ಈಗ ಆ ಸಾಲಿಗೆ ಬರೋಣ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ವೈದ್ಯನ ಕತೆ ಗೊತ್ತಲ್ವಾ? ಬಟ್ಟಲು ಎತ್ತಿದಾಗೆಲ್ಲ ಮಂಗನೇ ಬರುತ್ತದೆ. ಅಲ್ಲಿಯ ತನಕ ರೋಗಿಗೆ ಮಂಗನ ಗೊಡವೆಯೇ ಇರಲಿಲ್ಲ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅವರದ್ದು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ 'ಈಗ ನೆನೆಯಿರಿ' ಅಂದಾಗ ಏನಾಯಿತು ಗೊತ್ತಾ? ಮೊದಲಿಂದ ನೆನೆಯಲು ಬಿಟ್ಟವರಿಗಿಂತ, ತಡೆದುಕೊಂಡಿದ್ದವರ ತಲೆಯಲ್ಲೇ ಕರಡಿ ಜಾಸ್ತಿ ಓಡಾಡಿತು.

ಇದರ ಕಾರಣ ಸರಳ. ಆ ಯೋಚನೆ ಬಂತಾ, ಇಲ್ವಾ ಅಂತ ನೋಡಲು ಮನಸ್ಸಿನ ಒಂದು ಭಾಗ ಕಾವಲು ಕೂರುತ್ತದೆ. ಯಾರನ್ನು ತಡೆಯಬೇಕು ಅಂತ ಕಾವಲುಗಾರನಿಗೆ ನೆನಪಿರಲೇಬೇಕು. ಹಗಲಿನಲ್ಲಿ ಕೆಲಸ, ಜನ, ಮಾತು ಇರುತ್ತವೆ, ಮನಸ್ಸನ್ನು ಬೇರೆ ಕಡೆ ತಿರುಗಿಸಬಹುದು. ದಣಿದು ಮಲಗಿದಾಗ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ, ಕಾವಲುಗಾರ ಮಾತ್ರ ಎದ್ದೇ ಇರುತ್ತಾನೆ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಯಾರ ಮನಸ್ಸಾದರೂ ಹೀಗೇ ಮಾಡುತ್ತದೆ. ಇಪ್ಪತ್ತು ವರ್ಷದಿಂದ 'ಮನಸ್ಸು ಗಟ್ಟಿ ಮಾಡ್ಕೋ' ಅನ್ನಿಸಿಕೊಂಡು, ತಪ್ಪೆಲ್ಲ ತಮ್ಮದೇ ಅಂತ ಕುಗ್ಗಿಹೋದವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಚಿಂತೆಗೆ ಒಂದು ಹೊತ್ತು ಕೊಡಿ. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಮಲಗುವ ಹೊತ್ತಿಗೆ ಹತ್ತಿರ ಬೇಡ, ಸಂಜೆಯೇ ಆಗಲಿ. ಕೂತು ಬರೆಯಿರಿ. ನಮ್ಮ ಅಮ್ಮ ಇದನ್ನು ಯಾರಿಂದಲೂ ಕಲಿತಿರಲಿಲ್ಲ. ದೀಪ ಹಚ್ಚಿದ ಮೇಲೆ ಹಾಲಿನ ಲೆಕ್ಕದ ಪುಸ್ತಕ ತೆಗೆದು ಕೊನೆಯ ಪುಟದಿಂದ ಬರೆಯುತ್ತಾ ಬರುತ್ತಿದ್ದಳು. 'ಸಂಘದ ಕಂತು 14ಕ್ಕೆ. ಅಣ್ಣನ್ನ ಕೇಳಬೇಕು.' 'ಮಗೂ ಕೆಮ್ಮು. ನಾಳೆ ತೋರಿಸು.' 'ಅವರು ಹಾಗೆ ಅಂದದ್ದು.' ಕೊನೆಯದರ ಮುಂದೆ ಏನೂ ಇರುತ್ತಿರಲಿಲ್ಲ. ಅದಕ್ಕೆ ಮಾಡುವಂಥದ್ದೂ ಏನಿರಲಿಲ್ಲ. ಪುಸ್ತಕ ಮುಚ್ಚಿ ಅನ್ನಕ್ಕೆ ಇಡುತ್ತಿದ್ದಳು.

ರಾತ್ರಿ ಅದೇ ಯೋಚನೆ ಬಂದರೆ ಓಡಿಸಬೇಡಿ. 'ನಾಳೆ ಸಂಜೆ ಕೂತು ನೋಡೋಣ' ಅನ್ನಿ. ಓಡಿಸುವುದು ಬೇರೆ, ಮುಂದಕ್ಕೆ ಹಾಕುವುದು ಬೇರೆ. ಆದರೂ ನಿದ್ದೆ ಬಾರದಿದ್ದರೆ ಹೊರಳಾಡುತ್ತಾ ಬಿದ್ದಿರಬೇಡಿ. ಎದ್ದು ಸ್ವಲ್ಪ ಹೊತ್ತು ಕೂತಿದ್ದು, ಕಣ್ಣು ಎಳೆದಾಗ ಮಲಗಿ. ಎರಡೇ ದಿನ ಮಾಡಿ 'ಆಗಲಿಲ್ಲ' ಅಂತ ಬರೆಯಬೇಡಿ. ಮೂರ್ನಾಲ್ಕು ವಾರ ಬೇಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. 'ಯೋಚನೆ ಮಾಡ್ಬೇಡ' ಅನ್ನುವವರೂ ನಾವೇ ಅಲ್ವಾ? ತಂಗಿಯೋ ಗೆಳೆಯನೋ ಬಂದು ಮನಸ್ಸು ಸರಿಯಿಲ್ಲ ಅಂದರೆ ಮೊದಲು ಬಾಯಿಗೆ ಬರುವುದು ಅದೇ. ಅದರ ಬದಲು 'ಯಾವಾಗಿಂದ ಹೀಗಾಗ್ತಿದೆ? ನಿದ್ದೆ ಬರ್ತಿದೆಯಾ?' ಅಂತ ಕೇಳಿ, ಆಮೇಲೆ ಸುಮ್ನೆ ಕೂತು ಕೇಳಿಸಿಕೊಳ್ಳಿ. ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಕೆಲಸ ಎಲ್ಲಾ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನೋಟ್‌ಬುಕ್ಕು, ನಡಿಗೆ ಅಷ್ಟೇ ಸಾಲುವುದಿಲ್ಲ. ಸಾಯುವ ಮಾತು ಬಂದರೆ 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರು 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರು ಕೊಟ್ಟು ಎದ್ದು ಬರಬೇಡಿ. ಅವರು ಫೋನ್ ಮಾಡಿ ಮಾತು ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ.